ಹುವಾಚಿಯಾಂಗ್‌ಬೇ: ಶೆಂಜೆನ್ನಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆ

ಎಲೆಕ್ಟ್ರಾನಿಕ್ ಉಪಕರಣಗಳನ್ನು ವಿನ್ಯಾಸ ಮಾಡುವವರಿಗೂ ದುರಸ್ತಿ ಮಾಡುವವರಿಗೂ ಸಣ್ಣ ಪ್ರಮಾಣದಲ್ಲಿ ತಯಾರಿಸಿ ಮಾರುವವರಿಗೂ ದಕ್ಷಿಣ ಚೀನಾದ ಶೆಂಜೆನ್ ನಗರದ ಹುವಾಚಿಯಾಂಗ್‌ಬೇಯಷ್ಟು ಉಪಯೋಗಕ್ಕೆ ಬರುವ ಮಾರುಕಟ್ಟೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಅಗ್ಗದ ಫೋನು, ಅಗ್ಗದ ಇಯರ್‌ಫೋನು, ಅಗ್ಗದ ಕೈಗಡಿಯಾರ ಕೊಳ್ಳುವುದಕ್ಕಾಗಿಯೇ ಅಲ್ಲಿಗೆ ಹೋಗುವವರಿಗೆ ಮಾತ್ರ ನಿರಾಸೆಯಾಗುವ ಸಂಭವ ಹೆಚ್ಚು. ಆ ಬೀದಿಯ ಕಟ್ಟಡಗಳಲ್ಲಿರುವ ಸಾವಿರಾರು ಕಿರುಮಳಿಗೆಗಳು ಗಿರಾಕಿಯ ಕಣ್ಣಿಗೆ ಅಂಗಡಿಗಳಂತೆ ಕಂಡರೂ ಅವುಗಳ ನಿಜವಾದ ಕೆಲಸ ಬೇರೆ. ನಗರದ ಹೊರವಲಯದಲ್ಲಿಯೂ ಪಕ್ಕದ ಡಾಂಗ್‌ಗುವಾನ್‌ನಲ್ಲಿಯೂ ಇರುವ ಕಾರ್ಖಾನೆಗಳು ತಮ್ಮ ಸರಕಿನ ಮಾದರಿಯನ್ನು ಜಗತ್ತಿನ ಮುಂದೆ ಇಡುವ ಗಾಜಿನ ಪೆಟ್ಟಿಗೆಗಳು ಅವು. ಈ ಒಂದು ಸಂಗತಿಯನ್ನು ತಿಳಿದುಕೊಂಡು ಹೋದರೆ ಏನನ್ನು ಕೇಳಬೇಕು, ಎಷ್ಟು ಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂಬುದೆಲ್ಲ ತಾನಾಗಿಯೇ ಸ್ಪಷ್ಟವಾಗುತ್ತದೆ.

ಈ ಬೀದಿ ಇಂದಿನ ರೂಪಕ್ಕೆ ಬಂದದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಗುಣ ಮತ್ತು ದೋಷ ಎರಡಕ್ಕೂ ಬೇರು ಅಲ್ಲಿಯೇ ಇದೆ. ಹಾಂಗ್‌ಕಾಂಗ್‌ನ ಗಡಿಗೆ ಅಂಟಿಕೊಂಡ ಕರಾವಳಿ ಪ್ರದೇಶವಾಗಿದ್ದ ಶೆಂಜೆನ್ 1980ರ ಆಗಸ್ಟ್‌ನಲ್ಲಿ ವಿಶೇಷ ಆರ್ಥಿಕ ವಲಯವಾಯಿತು. ಅದಕ್ಕೆ ಒಂದು ವರ್ಷ ಮೊದಲೇ ಗ್ವಾಂಗ್‌ಡಾಂಗ್ ಪ್ರಾಂತ್ಯದ ಉತ್ತರದ ಗುಡ್ಡಗಾಡಿನಲ್ಲಿದ್ದ ಸೇನಾ ಉದ್ಯಮದ ಕಾರ್ಖಾನೆಗಳನ್ನು ಇಲ್ಲಿಗೆ ತಂದು ಹುವಾಚಿಯಾಂಗ್ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿಯನ್ನು ಕಟ್ಟಲಾಗಿತ್ತು. ಬೀದಿಗೆ ಆ ಕಂಪನಿಯ ಹೆಸರೇ ಉಳಿದುಕೊಂಡಿದೆ. ಆಗ ಈ ಪ್ರದೇಶಕ್ಕೆ ಶಾಂಗ್‌ಬು ಕೈಗಾರಿಕಾ ವಲಯವೆಂದು ಹೆಸರು. ಟಿವಿ, ರೇಡಿಯೊ, ಟೇಪ್‌ರೆಕಾರ್ಡರುಗಳನ್ನು ಜೋಡಿಸುತ್ತಿದ್ದ ಕಾರ್ಖಾನೆಗಳಿಗೆ ಬಿಡಿಭಾಗಗಳ ಕೊರತೆ ಸದಾ ಕಾಡುತ್ತಿತ್ತು. ಆ ಕೊರತೆಯನ್ನು ನೀಗಿಸುವ ಉದ್ದೇಶದಿಂದಲೇ ಸರ್ಕಾರಿ ಸ್ವಾಮ್ಯದ ಸೆಗ್ ಸಮೂಹ 1988ರ ಮಾರ್ಚ್‌ನಲ್ಲಿ ಬಿಡಿಭಾಗಗಳಿಗೆಂದೇ ಮೀಸಲಾದ ಒಂದು ಮಾರುಕಟ್ಟೆಯನ್ನು ತೆರೆಯಿತು. ಭೂಮಿಯ ಬೆಲೆ ಏರಿ ಕಾರ್ಖಾನೆಗಳು ನಗರದ ಹೊರವಲಯದ ಬಾವೊಆನ್, ಲಾಂಗ್‌ಗಾಂಗ್ ಕಡೆಗೆ ಸರಿಯುತ್ತ ಹೋದಂತೆ ಅವು ಬಿಟ್ಟುಹೋದ ಕಟ್ಟಡಗಳ ಒಳಗೆ ಮಳಿಗೆಗಳು ತುಂಬಿಕೊಂಡವು. ಎತ್ತರದ ಚಾವಣಿ, ದಪ್ಪ ಕಂಬಗಳು, ಸರಕು ಸಾಗಿಸುವ ದೊಡ್ಡ ಲಿಫ್ಟುಗಳು ಇಂದಿಗೂ ಹಲವು ಕಟ್ಟಡಗಳಲ್ಲಿ ಇರುವುದು ಈ ಕಾರಣದಿಂದ.

ಹಳೆಯ ಮಾರುಕಟ್ಟೆಯಿದ್ದ ಜಾಗದಲ್ಲಿಯೇ 2000ದ ಹೊತ್ತಿಗೆ 72 ಅಂತಸ್ತುಗಳ ಸೆಗ್ ಪ್ಲಾಜಾ ಎದ್ದುನಿಂತಿತು. ಅದರ ಕೆಳಗಿನ ಹತ್ತು ಅಂತಸ್ತುಗಳು ಮಾರುಕಟ್ಟೆಗೆ ಮೀಸಲಾಗಿವೆ. ಮೊದಲ ಬಾರಿಗೆ ಹೋಗುವವರು ಇಲ್ಲಿಂದಲೇ ಆರಂಭಿಸುವುದು ಉತ್ತಮ. ನೆಲಮಹಡಿಗೆ ಕಾಲಿಟ್ಟ ಕೂಡಲೇ ಮೀಟರು ಅಗಲದ ಗಾಜಿನ ಕೌಂಟರುಗಳ ಸಾಲುಗಳು ಎದುರಾಗುತ್ತವೆ. ಒಂದರಲ್ಲಿ ಕನೆಕ್ಟರುಗಳು ಮಾತ್ರ. ಪಕ್ಕದ್ದರಲ್ಲಿ ಒತ್ತುಗುಂಡಿಗಳು ಮಾತ್ರ. ಅದರ ಆಚೆ ಕ್ರಿಸ್ಟಲ್ ಆಸಿಲೇಟರುಗಳು, ಫ್ಯೂಸುಗಳು, ರಿಲೇಗಳು, ಆಂಟೆನಾಗಳು. ಯುಎಸ್‌ಬಿ ಸಾಕೆಟ್ಟಿನಂಥ ಒಂದೇ ವಸ್ತುವನ್ನು ನೂರಾರು ನಮೂನೆಗಳಲ್ಲಿ ಅಂಟಿಸಿಟ್ಟ ಮಾದರಿ ಹಲಗೆಯನ್ನು ಮುಂದಿಟ್ಟುಕೊಂಡು ಕುಳಿತ ವ್ಯಾಪಾರಿಯ ಮುಂದೆ ನಿಂತಾಗ, ನಮ್ಮ ನಕ್ಷೆಯಲ್ಲಿ ಒಂದು ಸಾಲಿನಲ್ಲಿ ಬರೆದು ಮುಗಿಸಿದ ಆ ಭಾಗಕ್ಕೆ ಎತ್ತರ, ಪಿನ್ನುಗಳ ಅಂತರ, ಕೂರಿಸುವ ಬಗೆ, ಲೋಹದ ದಪ್ಪ ಎಂದು ಎಷ್ಟೊಂದು ಆಯ್ಕೆಗಳಿವೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಅಳತೆಯ ಚಿತ್ರವನ್ನು ನೋಡಿ ಆರಿಸುವುದಕ್ಕೂ, ಹತ್ತು ನಮೂನೆಗಳನ್ನು ಬೆರಳಿನಲ್ಲಿ ಒತ್ತಿ, ಕೇಬಲ್ಲು ಚುಚ್ಚಿ, ಯಾವುದು ಬಿಗಿ, ಯಾವುದು ಸಡಿಲ ಎಂದು ತಿಳಿದು ಆರಿಸುವುದಕ್ಕೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಗುಂಡಿ, ಸ್ವಿಚ್ಚು, ಕನೆಕ್ಟರುಗಳಂಥ ಯಾಂತ್ರಿಕ ಭಾಗಗಳಿಗಾಗಿ ಇಲ್ಲಿಗೆ ಬರುವುದು ಅತ್ಯಂತ ಸಾರ್ಥಕವೆಂದು ನಾನು ಹೇಳುವುದು ಇದಕ್ಕಾಗಿ.

ಹೊಸದಾಗಿ ಪ್ರಯೋಗಾಲಯ ಕಟ್ಟುವವರು ತಪ್ಪದೆ ಕೊಳ್ಳಬೇಕಾದ ವಸ್ತು ಇಲ್ಲಿನ ಮಾದರಿ ಪುಸ್ತಕ. ಫೋಟೊ ಆಲ್ಬಮ್ಮಿನಂತೆ ಕಾಣುವ ಇದರ ಪ್ಲಾಸ್ಟಿಕ್ ಹಾಳೆಗಳ ಕಿಸೆಗಳಲ್ಲಿ 0603 ಅಥವಾ 0402 ಎಂಬ ಸಂಕೇತದಿಂದ ಗುರುತಿಸುವ ಅತಿ ಸಣ್ಣ ಅಳತೆಯ ರೆಸಿಸ್ಟರುಗಳ ಪಟ್ಟಿಗಳನ್ನು ಮೌಲ್ಯದ ಅನುಕ್ರಮದಲ್ಲಿ ಜೋಡಿಸಿರುತ್ತಾರೆ. 170 ಮೌಲ್ಯಗಳು, ಒಂದೊಂದರಲ್ಲಿ 50ರಂತೆ ಇರುವ ಪುಸ್ತಕ ಸಾಮಾನ್ಯವಾಗಿ ಸಿಗುತ್ತದೆ. ಕೆಪಾಸಿಟರುಗಳಿಗೂ ಇಂಡಕ್ಟರುಗಳಿಗೂ ಇಂಥವೇ ಪುಸ್ತಕಗಳುಂಟು. ಇದಕ್ಕಿಂತ ದೊಡ್ಡ ಪ್ರಮಾಣ ಬೇಕಾದರೆ ಭಾಗಗಳ ಉದ್ದನೆಯ ಪಟ್ಟಿಯನ್ನು ಸುತ್ತಿಟ್ಟ ರೀಲು ಕೊಳ್ಳಬೇಕು. 0603 ಅಳತೆಯ ರೆಸಿಸ್ಟರಿನ ಒಂದು ರೀಲಿನಲ್ಲಿ ಸಾಮಾನ್ಯವಾಗಿ 5,000 ಇರುತ್ತವೆ. ರೀಲನ್ನು ಕತ್ತರಿಸಿ ಹತ್ತೋ ಇಪ್ಪತ್ತೋ ಕೊಡಿ ಎಂದರೆ ಕೆಲವು ವ್ಯಾಪಾರಿಗಳು ಕೊಡುತ್ತಾರೆ, ಕೆಲವರು ತಲೆಯಲ್ಲಾಡಿಸಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಇದನ್ನು ಅಸೌಜನ್ಯವೆಂದು ಭಾವಿಸಬೇಕಾಗಿಲ್ಲ. ಆ ಕೌಂಟರಿನ ಬಾಡಿಗೆ ಹುಟ್ಟುವುದು ಕಾರ್ಖಾನೆಗಳಿಗೆ ಹೋಗುವ ಪೆಟ್ಟಿಗೆಗಳಿಂದ. ಚಿಲ್ಲರೆ ಗಿರಾಕಿಗೆ ಅವರು ಕೊಡುವ ಹತ್ತು ನಿಮಿಷ ನಾಳೆ ದೊಡ್ಡ ಬೇಡಿಕೆ ಬರಬಹುದೆಂಬ ನಂಬಿಕೆಯ ಮೇಲೆ ಕೊಡುವಂಥದ್ದು.

ವ್ಯಾಪಾರ ನಡೆಯುವ ರೀತಿಯನ್ನು ಹೇಳುವುದಾದರೆ, ಮಾತಿಗಿಂತ ಬರಹಕ್ಕೆ ಇಲ್ಲಿ ಹೆಚ್ಚು ಬೆಲೆ. ಬೇಕಾದ ಭಾಗದ ಪೂರ್ಣ ಸಂಖ್ಯೆ, ಪ್ಯಾಕೇಜಿನ (ಹೊರ ಕವಚದ) ಹೆಸರು, ಪ್ರಮಾಣ, ಸಾಧ್ಯವಾದರೆ ಒಂದು ಚಿತ್ರ, ಇವಿಷ್ಟನ್ನು ಕಾಗದದ ಮೇಲೋ ಫೋನಿನಲ್ಲೋ ಬರೆದುಕೊಂಡು ಹೋಗಿ ತೋರಿಸಿದರೆ ಸಾಕು. ವ್ಯಾಪಾರಿ ಕ್ಯಾಲ್ಕುಲೇಟರಿನಲ್ಲಿ ಬೆಲೆಯನ್ನು ಒತ್ತಿ ನಮ್ಮತ್ತ ತಿರುಗಿಸುತ್ತಾರೆ. ನಾವು ನಮ್ಮ ಬೆಲೆಯನ್ನು ಒತ್ತಿ ಅವರತ್ತ ತಿರುಗಿಸುತ್ತೇವೆ. ಬಿಡಿಭಾಗಗಳ ಮಟ್ಟಿಗೆ ಚೌಕಾಸಿಗೆ ಅವಕಾಶ ಕಡಿಮೆ, ಏಕೆಂದರೆ ಅಕ್ಕಪಕ್ಕದ ಹತ್ತು ಕೌಂಟರುಗಳಲ್ಲಿ ಅದೇ ವಸ್ತು ಇದ್ದು ಬೆಲೆ ಆಗಲೇ ತಳಮಟ್ಟಕ್ಕೆ ಇಳಿದಿರುತ್ತದೆ. ಪ್ರವಾಸಿಗಳು ಕೊಳ್ಳುವ ಸಾಮಾನುಗಳಲ್ಲಿ ಮಾತ್ರ ಮೊದಲ ಬೆಲೆಗೂ ಕೊನೆಯ ಬೆಲೆಗೂ ಬಹಳ ಅಂತರವಿರುತ್ತದೆ. ಬೆಲೆ ಒಪ್ಪಿಗೆಯಾದ ಮೇಲೆ ಸರಕು ಕೌಂಟರಿನಲ್ಲೇ ಇರುವುದು ಅಪರೂಪ. ಮೇಲಿನ ಮಹಡಿಯ ಗೋದಾಮಿನಿಂದಲೋ ಹಿಂದಿನ ಬೀದಿಯ ಕಟ್ಟಡದಿಂದಲೋ ಒಬ್ಬ ಹುಡುಗ ಓಡುತ್ತ ತಂದುಕೊಡುತ್ತಾನೆ. ಕಾಯುವ ಹೊತ್ತಿನಲ್ಲಿ ಪುಟ್ಟ ಬಟ್ಟಲಿನಲ್ಲಿ ಹಾಲು ಸಕ್ಕರೆಯಿಲ್ಲದ ಚಹಾ ಸಿಗುತ್ತದೆ. ಇಲ್ಲಿನ ವ್ಯಾಪಾರಿಗಳಲ್ಲಿ ಬಹಳ ಮಂದಿ ಗ್ವಾಂಗ್‌ಡಾಂಗ್‌ನ ಪೂರ್ವ ಕರಾವಳಿಯ ಚಾವೊಶಾನ್ ಸೀಮೆಯವರು. ಕೌಂಟರಿನ ಮೂಲೆಯಲ್ಲಿ ಚಹಾದ ತಟ್ಟೆ ಇಟ್ಟುಕೊಳ್ಳುವುದು, ಬಂದವರಿಗೆ ಬಟ್ಟಲು ಮುಂದೊತ್ತುವುದು ಅವರ ಊರಿನ ರೂಢಿ.

ಇಲ್ಲಿ ಕೊಳ್ಳುವವರು ಕಲಿಯಲೇಬೇಕಾದ ನಾಲ್ಕು ಮಾತುಗಳಿವೆ. ಕಾರ್ಖಾನೆಯಿಂದ ಮೂಲ ಪೊಟ್ಟಣದಲ್ಲಿ ಬಂದದ್ದು ಯುವಾನ್‌ಜುವಾಂಗ್. ಹೊಸದೇ ಆದರೂ ಪೊಟ್ಟಣ ಒಡೆದು ಬಿಡಿಯಾಗಿ ಉಳಿದದ್ದು ಎಂದು ಹೇಳಿ ಮಾರುವಂಥದ್ದು ಸಾನ್‌ಶಿನ್. ಹಳೆಯ ಸರ್ಕ್ಯೂಟ್ ಬೋರ್ಡಿನಿಂದ ಕಿತ್ತದ್ದು ಚಾಯ್‌ಜಿ. ಕಿತ್ತದ್ದನ್ನು ತೊಳೆದು, ಕಾಲುಗಳಿಗೆ ಹೊಸ ತವರ ಲೇಪಿಸಿ, ಹೊಸದರಂತೆ ಮಾಡಿದ್ದು ಫಾನ್‌ಶಿನ್. ನೇರವಾಗಿ ಕೇಳಿದರೆ ಬಹುಪಾಲು ವ್ಯಾಪಾರಿಗಳು ತಮ್ಮ ಸರಕು ಈ ನಾಲ್ಕರಲ್ಲಿ ಯಾವುದೆಂದು ಹೇಳುತ್ತಾರೆ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಹೇಳುತ್ತಾರೆ. ಕೇಳದೆ ಕೊಂಡವರಿಗೆ ಹೇಳುವ ಕಟ್ಟುಪಾಡು ಅವರಿಗಿಲ್ಲ. ದುರಸ್ತಿ ಮಾಡುವವರಿಗೆ ಕಿತ್ತ ಚಿಪ್ಪೇ ಎಷ್ಟೋ ಸಲ ಸರಿಯಾದ ಆಯ್ಕೆ, ಏಕೆಂದರೆ ತಯಾರಿಕೆ ನಿಂತುಹೋದ ಭಾಗ ಬೇರೆ ಯಾವ ರೂಪದಲ್ಲಿಯೂ ಸಿಗುವುದಿಲ್ಲ. ತೊಂದರೆ ಬರುವುದು ನಾಲ್ಕನೆಯದನ್ನು ಮೊದಲನೆಯದರ ಬೆಲೆಗೆ ಮಾರಿದಾಗ.

ನಕಲಿ ಮತ್ತು ಮರುಲೇಪಿತ ಚಿಪ್ಪುಗಳ ವಿಷಯದಲ್ಲಿ ಹುವಾಚಿಯಾಂಗ್‌ಬೇಗೆ ಅಂಟಿರುವ ಕಳಂಕ ನಿರಾಧಾರವಾದದ್ದಲ್ಲ. ಶಾಂಟೌ ಬಳಿಯ ಗುಯಿಯು ಎಂಬ ಪಟ್ಟಣ ವರ್ಷಗಟ್ಟಲೆ ಜಗತ್ತಿನ ಎಲೆಕ್ಟ್ರಾನಿಕ್ ಕಸವನ್ನು ತರಿಸಿಕೊಂಡು, ಬೋರ್ಡುಗಳನ್ನು ಕಾಯಿಸಿ ಚಿಪ್ಪುಗಳನ್ನು ಕೀಳುತ್ತಿತ್ತು. ಆ ಕೆಲಸ ಅಲ್ಲಿನ ಜನರ ಆರೋಗ್ಯವನ್ನೂ ನೀರನ್ನೂ ಹಾಳುಮಾಡಿತು. ಹೀಗೆ ಕಿತ್ತ ಚಿಪ್ಪುಗಳು ಬಂದು ಸೇರುತ್ತಿದ್ದ ಸಂತೆಗಳಲ್ಲಿ ಹುವಾಚಿಯಾಂಗ್‌ಬೇಯೂ ಒಂದು. 2014ರ ಅಕ್ಟೋಬರ್‌ನಲ್ಲಿ ಯುಎಸ್‌ಬಿ ಚಿಪ್ಪುಗಳನ್ನು ತಯಾರಿಸುವ ಎಫ್‌ಟಿಡಿಐ ಕಂಪನಿ ತನ್ನ ಚಾಲಕ ತಂತ್ರಾಂಶದ ಮೂಲಕ ನಕಲಿ ಚಿಪ್ಪುಗಳು ಕೆಲಸ ಮಾಡದಂತೆ ಮಾಡಿದಾಗ, ತಮ್ಮ ಉಪಕರಣದಲ್ಲಿ ನಕಲಿ ಇದೆಯೆಂಬ ಅರಿವೇ ಇಲ್ಲದ ಅನೇಕ ಬಳಕೆದಾರರು ತೊಂದರೆಗೆ ಸಿಕ್ಕಿದರು. ಹಾಗಾಗಿ ಕೊಂಡದ್ದನ್ನು ಪರೀಕ್ಷಿಸದೆ ಬೋರ್ಡಿಗೆ ಬೆಸೆಯಬಾರದು. ಕಾಲುಗಳ ಮೇಲೆ ಹಳೆಯ ಬೆಸುಗೆಯ ಗುರುತು, ಒಂದೇ ಪಟ್ಟಿಯಲ್ಲಿ ಬೇರೆ ಬೇರೆ ತಯಾರಿಕಾ ದಿನಾಂಕದ ಸಂಕೇತಗಳು, ಅಸಿಟೋನಿನಲ್ಲಿ ಒರೆಸಿದಾಗ ಏಳುವ ಕಪ್ಪು ಲೇಪ ಇವೆಲ್ಲ ಭೂತಗನ್ನಡಿ ಮತ್ತು ಹತ್ತಿಯಿಂದಲೇ ಪತ್ತೆಯಾಗುತ್ತವೆ. ಮೈಕ್ರೊಕಂಟ್ರೋಲರ್ (ಉಪಕರಣವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್ಪು) ಆದರೆ ಅದಕ್ಕೆ ತಂತ್ರಾಂಶ ತುಂಬುವ ಪ್ರೋಗ್ರಾಮರ್ ಎಂಬ ಸಾಧನಕ್ಕೆ ಜೋಡಿಸಿ ಅದರ ಗುರುತು ಸಂಖ್ಯೆಯನ್ನೂ ಸ್ಮೃತಿಯ ಗಾತ್ರವನ್ನೂ ಓದಿನೋಡಬೇಕು. ಲ್ಯಾಪ್‌ಟಾಪ್ ಮತ್ತು ಒಂದು ಚಿಕ್ಕ ಪರೀಕ್ಷಾ ಬೋರ್ಡನ್ನು ಚೀಲದಲ್ಲಿಟ್ಟುಕೊಂಡು ಹೋದರೆ ಇದನ್ನು ಕೌಂಟರಿನ ಮುಂದೆಯೇ ಮಾಡಬಹುದು. ಪರೀಕ್ಷೆಗೆ ಒಪ್ಪದ ವ್ಯಾಪಾರಿಯಿಂದ ನಾನು ಕೊಳ್ಳುವುದಿಲ್ಲ. ಒಪ್ಪುವವರು ಬೇಕಾದಷ್ಟು ಮಂದಿ ಇದ್ದಾರೆ.

ಇದರ ಜೊತೆಗೆ ಕಳೆದ ಹಲವು ವರ್ಷಗಳಲ್ಲಿ ಬಂದಿರುವ ಒಂದು ಬದಲಾವಣೆಯನ್ನು ಗಮನಿಸದೆ ಇದ್ದರೆ ಈ ಮಾರುಕಟ್ಟೆಗೆ ಅನ್ಯಾಯವಾಗುತ್ತದೆ. ಬೇರೆಯವರ ಹೆಸರನ್ನು ಹಚ್ಚಿಕೊಂಡು ಬರುತ್ತಿದ್ದ ಚಿಪ್ಪುಗಳ ಜಾಗದಲ್ಲಿ ತಮ್ಮದೇ ಹೆಸರು ಹೊತ್ತ ಚೀನಾ ಚಿಪ್ಪುಗಳು ಬಂದಿವೆ. ಎಸ್‌ಟಿಎಂ32 ಎಂಬ ವಿದೇಶಿ ಮೈಕ್ರೊಕಂಟ್ರೋಲರ್ ಬಳಸುತ್ತಿದ್ದ ಕಡೆ ಜಿಡಿ32, ವಿದೇಶಿ ಯುಎಸ್‌ಬಿ ಚಿಪ್ಪಿನ ಕಡೆ ಸಿಎಚ್340, ವೈಫೈಗೆ ಇಎಸ್‌ಪಿ32 ಹೀಗೆ. 2021ರ ಚಿಪ್ ಕೊರತೆ ಈ ಬದಲಾವಣೆಗೆ ವೇಗ ಕೊಟ್ಟಿತು. ಆ ವರ್ಷ ಇಲ್ಲಿನ ಕೌಂಟರುಗಳಲ್ಲಿ ಕೆಲವು ಚಿಪ್ಪುಗಳ ಬೆಲೆ ಹಲವು ಪಟ್ಟು ಏರಿತ್ತು. ವಾಹನಗಳ ಚಿಪ್ಪುಗಳನ್ನು ವಿಪರೀತ ಬೆಲೆಗೆ ಮಾರಿದ್ದಕ್ಕಾಗಿ ಚೀನಾದ ಮಾರುಕಟ್ಟೆ ನಿಯಂತ್ರಣ ಇಲಾಖೆ ಮೂರು ವಿತರಣಾ ಕಂಪನಿಗಳಿಗೆ ಒಟ್ಟು 25 ಲಕ್ಷ ಯುವಾನ್ ದಂಡ ವಿಧಿಸಿದ್ದೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಕೊರತೆಯಿಂದ ಪಾಠ ಕಲಿತ ವಿನ್ಯಾಸಕಾರರು ಪರ್ಯಾಯ ಚಿಪ್ಪನ್ನು ಮೊದಲೇ ಯೋಚಿಸಿ ಬೋರ್ಡು ರಚಿಸುತ್ತಿದ್ದಾರೆ. ಯಾವುದಕ್ಕೆ ಯಾವುದು ಪರ್ಯಾಯ, ಎಲ್ಲಿ ಹೊಂದಿಕೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಇಲ್ಲಿನ ಅನುಭವಿ ವ್ಯಾಪಾರಿಗಳು ಹೇಳುವಷ್ಟು ಚೆನ್ನಾಗಿ ಯಾವ ಕೈಪಿಡಿಯೂ ಹೇಳುವುದಿಲ್ಲ.

ಬೆಂಗಳೂರಿನ ಎಸ್‌.ಪಿ. ರಸ್ತೆಯನ್ನು ಬಲ್ಲವರು ಈ ಬೀದಿಯನ್ನು ಅದರೊಂದಿಗೆ ಹೋಲಿಸುವುದು ಸಹಜ. ಎಸ್‌.ಪಿ. ರಸ್ತೆಯ ಮಳಿಗೆಗಳಲ್ಲಿ ಸಿಗುವ ಮಾಡ್ಯೂಲು, ಸೆನ್ಸರು, ಎಲ್‌ಇಡಿ ಪಟ್ಟಿಗಳಲ್ಲಿ ದೊಡ್ಡ ಪಾಲು ಆಮದುದಾರರ ಮೂಲಕ ಬರುವುದು ಇದೇ ಶೆಂಜೆನ್ ಸುತ್ತಿನಿಂದ. ಕಾಲೇಜಿನ ಯೋಜನೆಗೆ ನಾಲ್ಕು ಸೆನ್ಸರು ಬೇಕಾದ ವಿದ್ಯಾರ್ಥಿಗೆ ನಮ್ಮ ಬೀದಿಯೇ ಸರಿ. ಕನ್ನಡದಲ್ಲಿ ಕೇಳಿ, ಕೆಟ್ಟರೆ ಮರುದಿನ ಹೋಗಿ ಬದಲಿಸಿಕೊಂಡು ಬರಬಹುದು. ಆದರೆ ಒಂದು ಸಾವಿರ ಉಪಕರಣ ತಯಾರಿಸಲು ಹೊರಟವರಿಗೆ ಬೇಕಾಗುವುದು ಭಾಗವನ್ನು ತಯಾರಿಸುವವರೊಂದಿಗಿನ ಸಂಪರ್ಕ. ಎಸ್‌.ಪಿ. ರಸ್ತೆಯ ವ್ಯಾಪಾರಿಗೆ ಆ ಸಂಪರ್ಕ ಕೊಡಲು ಸಾಧ್ಯವಿಲ್ಲ, ಏಕೆಂದರೆ ಕಾರ್ಖಾನೆ ಅವರಿಂದಲೂ ದೂರದಲ್ಲಿದೆ. ಹುವಾಚಿಯಾಂಗ್‌ಬೇಯ ಕೌಂಟರಿನಲ್ಲಿ ಕುಳಿತವರು ಮಾತ್ರ, ಈ ಗುಂಡಿಯ ಎತ್ತರ ಅರ್ಧ ಮಿಲಿಮೀಟರು ಕಡಿಮೆಯಾಗಬೇಕು ಎಂದರೆ ಕಾರ್ಖಾನೆಗೆ ಫೋನು ಮಾಡಿ, ಎಷ್ಟು ಸಾವಿರಕ್ಕೆ ಅಚ್ಚು ಬದಲಿಸಿಕೊಡುತ್ತಾರೆ ಎಂಬುದನ್ನು ನಿಂತ ಕಾಲಿನಲ್ಲೇ ತಿಳಿಸುತ್ತಾರೆ. ಈ ಸೇವೆಗೆ ಪ್ರತ್ಯೇಕ ಶುಲ್ಕವಿಲ್ಲ. ನನ್ನ ಮಟ್ಟಿಗೆ ಇಡೀ ಬೀದಿಯಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಇದೇ.

ಫೋನುಗಳ ಲೋಕ ಬಿಡಿಭಾಗಗಳದ್ದಕ್ಕಿಂತ ಬೇರೆ. ಯುವಾನ್‌ವಾಂಗ್, ಲಾಂಗ್‌ಶೆಂಗ್, ಮಿಂಗ್‌ಟಾಂಗ್, ಫೇಯಾಂಗ್ ಶಿದಾಯ್ ಮುಂತಾದ ಕಟ್ಟಡಗಳು ಈ ವ್ಯಾಪಾರಕ್ಕೆ ಹೆಸರಾದವು. 2000ದ ದಶಕದ ನಡುವಿನಲ್ಲಿ ತೈವಾನಿನ ಮೀಡಿಯಾಟೆಕ್ ಕಂಪನಿ ಫೋನಿಗೆ ಬೇಕಾದ ಚಿಪ್ಪನ್ನೂ ತಂತ್ರಾಂಶವನ್ನೂ ಒಟ್ಟಿಗೆ ಕೊಡಲು ಆರಂಭಿಸಿದ ಮೇಲೆ ಇಲ್ಲಿನ ಸಣ್ಣ ತಯಾರಕರು ಸಹ ಫೋನು ಮಾಡಬಲ್ಲವರಾದರು. ಎರಡು ಸಿಮ್ಮು, ದೊಡ್ಡ ಸ್ಪೀಕರು, ಟಾರ್ಚು, ತಿಂಗಳು ಬಂದಂತೆ ಹೊಸ ನಮೂನೆ. ನಮ್ಮ ಊರುಗಳ ಸಂತೆಗಳವರೆಗೆ ಬಂದ ಆ ಫೋನುಗಳಲ್ಲಿ ಅನೇಕಕ್ಕೆ ಫೋನನ್ನು ಗುರುತಿಸುವ ಐಎಂಇಐ ಸಂಖ್ಯೆ ಇರಲಿಲ್ಲವಾದ್ದರಿಂದ 2009ರ ಡಿಸೆಂಬರ್‌ನಿಂದ ಭಾರತ ಸರ್ಕಾರ ಅವುಗಳ ಸಂಪರ್ಕವನ್ನು ಕಡಿತಗೊಳಿಸಿದ್ದು ಹಲವರಿಗೆ ನೆನಪಿರಬಹುದು. ಆ ಕಾಲ ಮುಗಿದಿದೆ. ಆಫ್ರಿಕಾದ ಮಾರುಕಟ್ಟೆಯನ್ನು ಗೆದ್ದು, ಐಟೆಲ್, ಟೆಕ್ನೊ, ಇನ್‌ಫಿನಿಕ್ಸ್ ಹೆಸರುಗಳಲ್ಲಿ ಭಾರತಕ್ಕೂ ಬಂದ ಟ್ರಾನ್ಷನ್ ಕಂಪನಿ ಬೆಳೆದದ್ದು ಇದೇ ಶೆಂಜೆನ್ನಿನಲ್ಲಿ.

ಈಗ ಫೇಯಾಂಗ್ ಶಿದಾಯ್ ಕಟ್ಟಡದಲ್ಲಿ ಮುಖ್ಯವಾಗಿ ನಡೆಯುವುದು ಹಳೆಯ ಐಫೋನುಗಳ ವ್ಯಾಪಾರ. ಅಮೆರಿಕ ಮೊದಲಾದ ದೇಶಗಳಲ್ಲಿ ಜನ ಹಿಂದಿರುಗಿಸಿದ ಫೋನುಗಳು ಹಾಂಗ್‌ಕಾಂಗ್ ದಾರಿಯಾಗಿ ಇಲ್ಲಿಗೆ ಬಂದು, ದರ್ಜೆಗಳಾಗಿ ವಿಂಗಡವಾಗಿ, ಕೆಲವು ಹಾಗೆಯೇ, ಕೆಲವು ಪರದೆ ಬ್ಯಾಟರಿ ಬದಲಾಗಿ, ಉಳಿದವು ಬಿಡಿಭಾಗಗಳಾಗಿ ಮಾರಾಟವಾಗುತ್ತವೆ. ಸಾಮಾನ್ಯ ಗ್ರಾಹಕರು ಇಲ್ಲಿ ಫೋನು ಕೊಳ್ಳಬಾರದೆಂಬುದು ನನ್ನ ಖಚಿತ ಸಲಹೆ. ಯಾವ ಫೋನಿನ ಪರದೆ ಮೂಲದ್ದು, ಯಾವುದರ ಬೋರ್ಡು ದುರಸ್ತಿಯಾದದ್ದು, ಯಾವುದಕ್ಕೆ ಹಿಂದಿನ ಮಾಲೀಕರ ಬೀಗ ಬಿದ್ದಿದೆ ಎಂದು ಗುರುತಿಸಲು ಇಲ್ಲಿನ ಸಗಟು ವ್ಯಾಪಾರಿಗಳಿಗಿರುವ ಕಣ್ಣು ನಮಗಿಲ್ಲ. ಭಾರತಕ್ಕೆ ಮರಳಿದ ಮೇಲೆ ಖಾತರಿಯೂ ಇಲ್ಲ.

ಆದರೆ ದುರಸ್ತಿಯ ಕಸುಬಿನವರಿಗೆ ಈ ಭಾಗವೇ ಪಾಠಶಾಲೆ. ಮೊಬೈಲು ರಿಪೇರಿ ಅಂಗಡಿಗಳಲ್ಲಿ ಬಳಸುವ ಸೂಕ್ಷ್ಮದರ್ಶಕ, ಬಿಸಿಗಾಳಿ ಯಂತ್ರ, ಬೋರ್ಡು ಹಿಡಿಯುವ ಚೌಕಟ್ಟು, ಚಿಪ್ಪಿಗೆ ತವರದ ಗುಂಡು ಕೂರಿಸುವ ಉಕ್ಕಿನ ಸ್ಟೆನ್ಸಿಲ್, ಒಡೆದ ಗಾಜನ್ನು ಪರದೆಯಿಂದ ಬಿಡಿಸುವ ಯಂತ್ರ, ಇವೆಲ್ಲವನ್ನೂ ಇಲ್ಲಿ ಕೈಯಲ್ಲಿ ಬಳಸಿನೋಡಿ ಕೊಳ್ಳಬಹುದು. ಎರಡು ಅಡಿ ಅಗಲದ ಮೇಜಿನ ಮುಂದೆ ಕುಳಿತ ಕುಶಲಕರ್ಮಿ, ಬೋರ್ಡಿಗೆ ಬೆಸೆದ ಪ್ರೊಸೆಸರನ್ನು ಎತ್ತಿ, ಕೆಳಗಿನ ಅಂಟನ್ನು ಕೆರೆದು, ಮತ್ತೆ ಕೂರಿಸಿ ಫೋನನ್ನು ಬೆಳಗಿಸುವುದನ್ನು ನಿಂತು ನೋಡಲು ಯಾರೂ ಅಡ್ಡಿಪಡಿಸುವುದಿಲ್ಲ. ಹೊರದೇಶದವರಿಗೂ ಈ ಕೆಲಸ ಕಲಿಸುವ ತರಬೇತಿ ಕೇಂದ್ರಗಳು ಸುತ್ತಮುತ್ತ ಇವೆ. ಕೆಟ್ಟ ವಸ್ತುವನ್ನು ಎಸೆಯದೆ ಸರಿಮಾಡಬಹುದೆಂಬ ನಂಬಿಕೆಯಿಂದ ಬದುಕುವ ಇಷ್ಟು ಜನರನ್ನು ಒಂದೇ ಕಡೆ ನೋಡುವುದು, ದುರಸ್ತಿಯನ್ನು ಪ್ರೀತಿಸುವ ಯಾರಿಗಾದರೂ ಹುರುಪು ಕೊಡುವ ಅನುಭವ.

ಅಂತರ್ಜಾಲದಲ್ಲಿಯೇ ಎಲ್ಲ ಸಿಗುವಾಗ ಇಲ್ಲಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಶೆಂಜೆನ್ನಿನವೇ ಆದ ಜೆಎಲ್‌ಸಿಪಿಸಿಬಿ, ಎಲ್‌ಸಿಎಸ್‌ಸಿ ಕಂಪನಿಗಳು ಬೋರ್ಡನ್ನೂ ಬಿಡಿಭಾಗವನ್ನೂ ಮನೆಬಾಗಿಲಿಗೆ ಕಳಿಸುತ್ತವೆ. ಐದು ಚಿಕ್ಕ ಬೋರ್ಡುಗಳನ್ನು ಎರಡು ಡಾಲರಿಗೆ ಮಾಡಿಕೊಡುವ ಕೊಡುಗೆಯಿಂದ ಎಷ್ಟೋ ವಿದ್ಯಾರ್ಥಿಗಳು ಕಲಿತಿದ್ದಾರೆ. ರೆಸಿಸ್ಟರು, ಕೆಪಾಸಿಟರು, ಹೆಸರಾಂತ ಚಿಪ್ಪುಗಳಿಗೆ ಅಂತರ್ಜಾಲವೇ ಸುರಕ್ಷಿತ, ಏಕೆಂದರೆ ಅಲ್ಲಿ ಬಿಲ್ಲು, ಬ್ಯಾಚಿನ ದಾಖಲೆ ಎರಡೂ ಬರುತ್ತವೆ. ಬೀದಿಯ ಕೌಂಟರುಗಳು ಈ ಪೈಪೋಟಿಯಲ್ಲಿ ನಲುಗಿರುವುದೂ ನಿಜ. ಮೆಟ್ರೊ ಏಳನೆಯ ಮಾರ್ಗದ ಕಾಮಗಾರಿಗಾಗಿ 2013ರಿಂದ ಬೀದಿಯನ್ನು ಅಗೆದಿಟ್ಟಿದ್ದರಿಂದ ಹಲವು ವ್ಯಾಪಾರಿಗಳು ಜಾಗ ಬಿಟ್ಟರು; 2017ರ ಜನವರಿಯಲ್ಲಿ ಪಾದಚಾರಿ ಬೀದಿಯಾಗಿ ಮತ್ತೆ ತೆರೆದಾಗ ಗಿರಾಕಿಗಳ ರೂಢಿ ಬದಲಾಗಿತ್ತು. ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ಯಂತ್ರಗಳು, ಆಮೇಲೆ ಸೌಂದರ್ಯವರ್ಧಕಗಳು ಸಹ ಕೆಲವು ಮಹಡಿಗಳನ್ನು ಆಕ್ರಮಿಸಿದ್ದವು. 2021ರ ಮೇ 18ರಂದು ಸೆಗ್ ಪ್ಲಾಜಾ ಕಟ್ಟಡವೇ ಅಲುಗಾಡಿ ಜನ ಹೊರಗೆ ಓಡಿಬಂದರು. ಗಾಳಿಯ ಹೊಡೆತಕ್ಕೆ ಚಾವಣಿಯ ಮೇಲಿನ ಕಂಬಗಳು ಕಂಪಿಸಿದ್ದೇ ಕಾರಣವೆಂದು ತಜ್ಞರು ಕಂಡುಕೊಂಡ ಮೇಲೆ ಅವನ್ನು ತೆಗೆದು, ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯನ್ನು ಮತ್ತೆ ತೆರೆಯಲಾಯಿತು. ಇಷ್ಟೆಲ್ಲದರ ನಡುವೆಯೂ ಬಿಡಿಭಾಗಗಳ ಮಹಡಿಗಳು ಉಳಿದಿರುವುದು ಕೈಯಿಂದ ಮುಟ್ಟಿ ಆರಿಸಬೇಕಾದ ವಸ್ತುಗಳು, ಅಂದೇ ಬೇಕಾದ ವಸ್ತುಗಳು, ಯಾರನ್ನಾದರೂ ಕೇಳಿಯೇ ತಿಳಿಯಬೇಕಾದ ಸಂಗತಿಗಳು ಇನ್ನೂ ಇರುವುದರಿಂದ. ನಗರದ ಬಂದರುಗಳಾದ ಯಾಂಟಿಯಾನ್, ಶೆಕೊವು ಮೊದಲಾದವು 2024ರಲ್ಲಿ 3.3 ಕೋಟಿಗೂ ಹೆಚ್ಚು ಕಂಟೇನರು ಘಟಕಗಳನ್ನು ಸಾಗಿಸಿದವು. ಆ ಕಂಟೇನರುಗಳಲ್ಲಿ ಹೋಗುವ ಎಷ್ಟೋ ಉಪಕರಣಗಳ ಮೊದಲ ಮಾದರಿ ತಯಾರಾಗುವಾಗ ಯಾರೋ ಒಬ್ಬ ಎಂಜಿನಿಯರು ಈ ಬೀದಿಗೆ ಬಂದು ಒಂದು ಹಿಡಿ ಭಾಗಗಳನ್ನು ಕೊಂಡಿರುತ್ತಾರೆ.

ಭಾರತದಿಂದ ಹೋಗುವವರು ಏನನ್ನು ಕೊಳ್ಳಬಾರದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಡ್ರೋನುಗಳು ಇಲ್ಲಿ ಕಣ್ಣುಕುಕ್ಕುವಂತಿದ್ದರೂ 2022ರ ಫೆಬ್ರುವರಿಯಿಂದ ಪೂರ್ಣ ಡ್ರೋನುಗಳ ಆಮದನ್ನು ಭಾರತ ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿಯಿದೆ. ಇ-ಸಿಗರೇಟು 2019ರಿಂದ ನಿಷಿದ್ಧ. ಪವರ್‌ಬ್ಯಾಂಕಿನ ಮೇಲೆ ಚೀನಾದ ಸುರಕ್ಷತಾ ಪ್ರಮಾಣೀಕರಣವಾದ 3ಸಿ ಗುರುತು ಇಲ್ಲದಿದ್ದರೆ 2025ರ ಜೂನ್ 28ರಿಂದ ಅದನ್ನು ಚೀನಾದ ಒಳನಾಡಿನ ವಿಮಾನಗಳಲ್ಲಿ ಒಯ್ಯುವಂತಿಲ್ಲ. 18650 ಎಂಬ ಅಳತೆಯ ಉರುಟು ಲಿಥಿಯಂ ಬ್ಯಾಟರಿಯ ಮೇಲೆ 9,900 ಮಿಲಿಆಂಪಿಯರ್ ಗಂಟೆ ಎಂದು ಮುದ್ರಿಸಿದ್ದರೆ ಅದನ್ನು ಅಲ್ಲಿಯೇ ಬಿಟ್ಟುಬರಬೇಕು, ಏಕೆಂದರೆ ಒಳ್ಳೆಯ ತಯಾರಕರ ಬ್ಯಾಟರಿಯೇ ಸಾಮಾನ್ಯವಾಗಿ 3,500ರ ಆಸುಪಾಸಿನದು. ಅತಿ ಅಗ್ಗದ ಮೆಮೊರಿ ಕಾರ್ಡುಗಳೂ ಹಾಗೆಯೇ. ಹೊರಗೆ ಬರೆದಿರುವ ಗಾತ್ರ ಒಳಗೆ ಇರುವುದಿಲ್ಲ. ಮಾರಾಟಕ್ಕೆಂದು ಅಡಾಪ್ಟರು, ಪವರ್‌ಬ್ಯಾಂಕು ಮುಂತಾದವನ್ನು ತರಿಸುವವರಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಕಡ್ಡಾಯವೆಂಬುದನ್ನು ಇಲ್ಲಿನ ವ್ಯಾಪಾರಿಗಳು ಹೇಳುವುದಿಲ್ಲ, ಹೇಳುವ ಹೊಣೆಯೂ ಅವರದಲ್ಲ.

ಹೋಗುವುದು ಸುಲಭ. ಹಾಂಗ್‌ಕಾಂಗ್‌ನ ಪಶ್ಚಿಮ ಕೌಲೂನ್‌ನಿಂದ ವೇಗದ ರೈಲು ಶೆಂಜೆನ್ನಿನ ಫೂತಿಯಾನ್‌ಗೆ 14 ನಿಮಿಷಗಳಲ್ಲಿ ತಲುಪುತ್ತದೆ. ಅಲ್ಲಿಂದ ಮೆಟ್ರೊ ಎರಡನೆಯ ಮಾರ್ಗದಲ್ಲಿ ಮೂರನೆಯ ನಿಲ್ದಾಣವೇ ಹುವಾಚಿಯಾಂಗ್‌ಬೇ. ಲುವೊಹು ಗಡಿಯಿಂದ ಬರುವವರಿಗೆ ಮೊದಲನೆಯ ಮಾರ್ಗವಿದೆ. ಮಳಿಗೆಗಳು ಬೆಳಿಗ್ಗೆ ಹತ್ತರ ಸುಮಾರಿಗೆ ತೆರೆದು ಸಂಜೆ ಆರು, ಆರೂವರೆಗೆ ಮುಚ್ಚಲು ಆರಂಭಿಸುತ್ತವೆ. ಮಧ್ಯಾಹ್ನಕ್ಕೆ ಮೊದಲೇ ಪಟ್ಟಿ ಕೊಟ್ಟರೆ ಗೋದಾಮಿನಿಂದ ತರಿಸಲು ಸಮಯ ಸಿಗುತ್ತದೆ. ಚೀನಾದ ಪಾವತಿ ಆ್ಯಪುಗಳಾದ ಅಲಿಪೇ ಅಥವಾ ವಿಚಾಟ್‌ಗೆ ವಿದೇಶಿ ಕಾರ್ಡು ಜೋಡಿಸಿಕೊಳ್ಳಬಹುದು, ಆದರೆ 200 ಯುವಾನ್ ದಾಟಿದ ಪಾವತಿಗೆ ಶೇ 3ರಷ್ಟು ಶುಲ್ಕ ಬೀಳುತ್ತದೆ. ಸಣ್ಣ ಕೌಂಟರುಗಳ ಕೆಲವು ಕ್ಯೂಆರ್ ಸಂಕೇತಗಳು ವಿದೇಶಿ ಕಾರ್ಡನ್ನು ಒಪ್ಪದಿರಬಹುದಾದ್ದರಿಂದ ಸ್ವಲ್ಪ ನಗದು ಇರಲಿ. ಇಂಗ್ಲಿಷ್ ಬಲ್ಲವರು ಕಡಿಮೆಯಾದರೂ ಅನುವಾದದ ಆ್ಯಪಿನಿಂದ ಕೆಲಸ ನಡೆಯುತ್ತದೆ. ಸಸ್ಯಾಹಾರಿಗಳು ಊಟದ ವ್ಯವಸ್ಥೆಯನ್ನು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ಮಾರಾಟದ ನಂತರದ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾಗಿದೆ. ವ್ಯಾಪಾರಿಯನ್ನು ವಿಚಾಟ್‌ನಲ್ಲಿ ಸೇರಿಸಿಕೊಂಡು ಬಂದರೆ, ಬೆಂಗಳೂರಿನಲ್ಲಿ ಕುಳಿತು ಕೇಳಿದ ಪ್ರಶ್ನೆಗೂ ಅವರು ಉತ್ತರಿಸುತ್ತಾರೆ; ಎರಡನೆಯ ಸಲ ಸರಕನ್ನು ಸರಕು ಸಾಗಣೆದಾರರಿಗೆ ತಲುಪಿಸಿ, ಪೊಟ್ಟಣದ ಚಿತ್ರ ಕಳಿಸುತ್ತಾರೆ. ತಪ್ಪು ಭಾಗ ಬಂದರೆ ಮುಂದಿನ ಬೇಡಿಕೆಯಲ್ಲಿ ಸರಿಹೊಂದಿಸುವವರೂ ಇದ್ದಾರೆ. ಹಣ ಹಿಂದಿರುಗಿಸುವುದು ಮಾತ್ರ ಬಲು ಅಪರೂಪ. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಕೈಬರಹದ ಚೀಟಿಯನ್ನೇ ಬಿಲ್ಲೆಂದು ಕೊಡುವ ರೂಢಿ. ಅದರಲ್ಲಿ ಭಾಗದ ಸಂಖ್ಯೆ ಮತ್ತು ಬೆಲೆ ಇರುತ್ತವೆ. ಸರಕು ಮೂಲದ್ದೋ ಬಿಡಿಯೋ ಕಿತ್ತದ್ದೋ ಎಂಬುದು ಇರುವುದಿಲ್ಲ. ಬಾಯಲ್ಲಿ ಹೇಳಿದ ದರ್ಜೆಯನ್ನು ಆ ಚೀಟಿಯ ಮೇಲೆ ಬರೆದು, ಕೌಂಟರಿನ ಸಂಖ್ಯೆಯೊಂದಿಗೆ ಮೊಹರು ಒತ್ತಿಕೊಡಿ ಎಂದು ಕೇಳಿ ಪಡೆಯಬೇಕು. ಕೇಳಿದಾಗ ಬರೆದುಕೊಡುವ ವ್ಯಾಪಾರಿಗಳಿಗೇ ನಾನು ಮುಂದಿನ ಬೇಡಿಕೆಯನ್ನು ಕೊಡುತ್ತೇನೆ. ಮಾರುಕಟ್ಟೆಯನ್ನು ನಡೆಸುವ ಸಂಸ್ಥೆಗಳು ಇದನ್ನು ಎಲ್ಲ ಕೌಂಟರುಗಳಿಗೂ ಕಡ್ಡಾಯ ಮಾಡಿದರೆ, ಪ್ರಾಮಾಣಿಕವಾಗಿ ವ್ಯಾಪಾರ ಮಾಡುವ ಬಹುಸಂಖ್ಯಾತರಿಗೆ ಅದರಿಂದ ಲಾಭವೇ ಹೊರತು ನಷ್ಟವಿಲ್ಲ.